ಆಲ್ಬಮ್ಮಿನ ವಿಸಿಟಿಂಗ್ ಕಾರ್ಡುಗಳು

ಮಾರೇನಹಳ್ಳಿಯಲ್ಲಿ ನಮ್ಮಪ್ಪನದೊಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸಿತ್ತು. ಅಚ್ಚಾದ ಪ್ರತಿ ವಿಸಿಟಿಂಗ್ ಕಾರ್ಡಿನಲ್ಲೂ ಒಂದನ್ನು ಅಪ್ಪ ಆಲ್ಬಮ್ಮಿಗೆ ಸೇರಿಸಿ, ಬಂದವರು ಮಾದರಿ ನೋಡಲೆಂದು ಮೇಜಿನ ಮೇಲಿಡುತ್ತಿದ್ದರು. ಆ ಆಲ್ಬಮ್ ಎತ್ತಲು ಇಬ್ಬರು ಪೈಲ್ವಾನರು ಬೇಕಿತ್ತು. ಹೋಗಲಿ, ಒಬ್ಬ.

ನಾನಾಗ ಪಿಯುಸಿ. ಇಮೇಲ್ ಕಳಿಸಲು ಬರುತ್ತಿದ್ದುದರಿಂದ ನಮ್ಮ ಕ್ರಾಸಿನಲ್ಲಿ ನನಗಿಂತ ದೊಡ್ಡ ವಿಜ್ಞಾನಿ ಇರಲಿಲ್ಲ. ಎದುರಿಗೇ ಹೊಸ ಪ್ರೆಸ್ ಬಂದ ಮೇಲೆ ನಮ್ಮ ಮೆಷಿನ್ನಿನ ಸದ್ದೇ ಅಪರೂಪವಾಗಿತ್ತು. ಪ್ರೆಸ್ಸನ್ನು ಉಳಿಸುವವನು ನಾನೇ ಎಂದು ತೀರ್ಮಾನಿಸಿದೆ. ಆಲ್ಬಮ್ಮಿನಲ್ಲಿದ್ದ ಇಮೇಲ್ ವಿಳಾಸಗಳನ್ನೆಲ್ಲ ಸೈಬರ್ ಸೆಂಟರಿನಲ್ಲಿ ಟೈಪಿಸಿ, ಲಗ್ನಪತ್ರಿಕೆಗೆ ನಮ್ಮಲ್ಲೇ ಬನ್ನಿ ಎಂದು ಪ್ರೆಸ್ಸಿನ ಮೇಲ್‌ನಿಂದ ದಿನಕ್ಕೆ ಮೂರು ಸಲ ಕಳಿಸಿದೆ. ಹಲ್ಲಿನ ಡಾಕ್ಟರಿಗೆ, ಬೋರ್‌ವೆಲ್‌ನವರಿಗೆ, ಶವದ ಗಾಡಿಯವರಿಗೂ.

ನಾಲ್ಕನೇ ದಿನ ಮೇಲ್ ತೆರೆಯಲಿಲ್ಲ. ಒಪ್ಪಿಗೆ ಕೇಳದೆ ಜಾಹೀರಾತು ಕಳಿಸುವುದು ನಿಯಮಕ್ಕೆ ವಿರುದ್ಧ, ದೂರುಗಳು ಬಂದಿವೆ, ಖಾತೆ ಮುಚ್ಚಿದ್ದೇವೆ ಎಂದಿತ್ತು. ಕೆಂಗೇರಿ ಉಪನಗರದ ಮೇಷ್ಟ್ರೊಬ್ಬರು ಮಗಳ ಲಗ್ನಪತ್ರಿಕೆಯಲ್ಲಿ ಅಚ್ಚಾಗಬೇಕಾದ ಮ್ಯಾಟರನ್ನು ಅದೇ ಮೇಲ್‌ಗೆ ಕಳಿಸುವವರಿದ್ದರು. ಆ ತಿಂಗಳು ನಮಗಿದ್ದದ್ದು ಅದೊಂದೇ ಕೆಲಸ.

"ಮ್ಯಾಟರ್ ಬಂತೇನೋ?" ಅಪ್ಪ ಕೇಳಿದರು.

"ಇಲ್ಲಪ್ಪಾ, ಸರ್ವರ್ ಡೌನು. ಅಮೆರಿಕದಲ್ಲಿ ಮಳೆಯಂತೆ."

ಅಮೆರಿಕದಲ್ಲಿ ಎರಡು ದಿನ ಮಳೆ ಸುರಿಸಿದೆ. ಅಷ್ಟರಲ್ಲಿ ಖಾತೆ ತೆರೆಯಿರೆಂದು ಕಂಪನಿಗೆ ಹನ್ನೊಂದು ಕ್ಷಮಾಪಣೆ ಬರೆದೆ. ಕೊನೆಯದರಲ್ಲಿ ಅಜ್ಜಿಗೆ ಹುಷಾರಿಲ್ಲ ಎಂದೂ ಸೇರಿಸಿದೆ. ಉತ್ತರವಿಲ್ಲ. ಮೂರನೆಯ ದಿನ ಅಪ್ಪ, "ಮಳೆ ನಿಲ್ಲೋದು ಬೇಡ. ಅವ್ರ ಮನೆಗೇ ಹೋಗಿ ಬರೆಸ್ಕೊಂಡು ಬಾ," ಎಂದು ಬಸ್ಸು ಹತ್ತಿಸಿದರು.

ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿದರು.

"ಮ್ಯಾಟರ್ ಕಳ್ಸಿದ್ದೆ, ವಾಪಸ್ ಬಂತು. ಅದಿರ್ಲಿ, ದಿನಾ ಮೂರ್ಮೂರು ಮೇಲು ಕಳ್ಸಿದ್ದು ನೀನೇನಪ್ಪಾ?"

"ಹೂಂ ಸಾರ್."

"ನನ್ ವಿಳಾಸ ಎಲ್ಲಿ ಸಿಕ್ತು?"

"ಆಲ್ಬಮ್ಮಲ್ಲಿ ಸಾರ್. ನಿಮ್ಮ ಟ್ಯೂಷನ್ ಕಾರ್ಡು."

"ಕಾರ್ಡು ಪ್ರಿಂಟ್ ಮಾಡೋಕ್ ಕೊಟ್ಟಿದ್ದು. ನಾಳೆ ಪತ್ರಿಕೆ ಕೊಟ್ರೆ ಬೀಗರ ವಿಳಾಸನೂ ಎತ್ಕೋತೀಯ. ಬೇಡಪ್ಪ, ಬೇರೆ ಕಡೆ ಕೊಟ್ಟಾಯ್ತು."

ಸಾರ್, ಒಂದ್ಸಲ ಸಾರ್, ಎಂದು ನಾನು ಅನ್ನುತ್ತಲೇ ಇದ್ದೆ. ಬಾಗಿಲು ನಿಧಾನವಾಗಿ ಮುಚ್ಚಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಆರು ಸುಳ್ಳು ಹೊಂದಿಸಿಕೊಂಡೆ. ಒಂದರಲ್ಲಿ ಮದುವೆಯೇ ಮುರಿದುಬಿದ್ದಿತ್ತು. ಪ್ರೆಸ್ಸಿಗೆ ಬಂದರೆ ಅಪ್ಪ ಮೆಷಿನ್ ಒರೆಸಿ, ಅರಿಶಿನ ಬಣ್ಣದ ಕಾರ್ಡಿನ ಕಟ್ಟು ಬಿಚ್ಚಿಟ್ಟು ಕಾಯುತ್ತಿದ್ದರು. ಆರೂ ಸುಳ್ಳನ್ನು ಅಲ್ಲೇ ಬಿಟ್ಟೆ. ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಬೈಯುತ್ತಾರೆಂದು ಕಾದೆ. ಅಪ್ಪ ಕಟ್ಟನ್ನು ಮತ್ತೆ ದಾರದಿಂದ ಬಿಗಿದರು. ಆಲ್ಬಮ್ ತೆರೆದು ಮೇಷ್ಟ್ರ ಕಾರ್ಡು ಹುಡುಕಿ ಈಚೆ ತೆಗೆದರು.

"ಇದನ್ನ ವಾಪಸ್ ಕೊಟ್ಟು ಬಾ. ಆಮೇಲೆ ಉಳಿದವ್ರನ್ನೂ ಒಬ್ಬೊಬ್ರನ್ನೇ ಕೇಳ್ಕೊಂಡು ಬಾ, ಕಾರ್ಡು ಇಲ್ಲಿ ಇಟ್ಕೋಬೋದಾ ಅಂತ."

ಹೊರಟಾಗ ಆಲ್ಬಮ್ ಮೇಜಿನ ಮೇಲಿರಲಿಲ್ಲ; ಅಪ್ಪ ಒಳಗೆ ಎತ್ತಿಟ್ಟಿದ್ದರು. ಸ್ಟಾಪಿನಲ್ಲಿ ಅದೇ ಬಸ್ಸು ಬಂತು. ಕಂಡಕ್ಟರ್ ನನ್ನನ್ನು ನೋಡಿ, "ಏನೋ, ಮತ್ತೆ ಕೆಂಗೇರಿನಾ?" ಎಂದರು.