ಉಮಿಯೊಳಗಿನ ನೀಲಿ ಹರಳು

ಆನವಟ್ಟಿಯ ಗೊಬ್ಬರದಂಗಡಿಯವನು ಮೈಲುತುತ್ತದ ಡಬ್ಬಿ ತೆರೆಯುತ್ತಾ, "ಎಷ್ಟು ಎಕರೆಗೆ ಬೇಕ್ರೀ?" ಎಂದ. "ಎಂಟನೇ ಕ್ಲಾಸಿಗೆ. ಕಾಲು ಕೆಜಿ ಸಾಕು," ಎಂದೆ. ತಲೆ ಕೆಟ್ಟವಳನ್ನು ನೋಡುವಂತೆ ನೋಡಿದ. ನೋಡಲಿ, ನನಗೇನು! ಕಾಗದದ ಮೇಲೆ ಆ ನೀಲಿ ಚೂರುಗಳು ಬಿದ್ದದ್ದೇ ತಡ, ನಮ್ಮ ವಿಜ್ಞಾನದ ಅಕ್ಕೋರು ಕಣ್ಣ ಮುಂದೆ ಬಂದು ನಿಂತಿದ್ದರು...

ನಾನು ಓದುವಾಗ ಅವರು ಶಿಕಾರಿಪುರದಿಂದ ದಿನಾ ಬಸ್ಸಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಒಂದು ದಿನ ಮೇಜಿನ ಮೇಲೆ ಎರಡು ಕಲ್ಲು ಇಟ್ಟರು. ಒಂದು ಬಾವಿ ತೋಡುವಾಗ ಸಿಕ್ಕ ಕರಿಕಲ್ಲು, ಹರಳೇ ಕಾಣದಷ್ಟು ನಯ. ಇನ್ನೊಂದು ಮೆಟ್ಟಿಲಿನ ಬಿಳಿಕಲ್ಲು, ಜೋಳದ ಕಾಳಿನಷ್ಟು ದಪ್ಪ ಹರಳು ಹೊಳೆಯುತ್ತಿದ್ದವು. ಎರಡೂ ಒಂದು ಕಾಲಕ್ಕೆ ಕರಗಿದ ಬೆಂಕಿಯಂಥ ರಸವೇ ಅಂತೆ. ಕರಿಯದು ಬಿರುಕಿಗೆ ನುಗ್ಗಿ ಬೇಗ ಆರಿತು, ಅದರ ಹರಳಿಗೆ ಬೆಳೆಯಲು ಪುರಸೊತ್ತೇ ಸಿಗಲಿಲ್ಲ. ಬಿಳಿಯದು ನೆಲದಾಳದಲ್ಲಿ ನಿಧಾನಕ್ಕೆ ಆರಿತು. "ನನ್ ಮಾತು ನಂಬ್ಬೇಡಿ, ಕಣ್ಣಾರೆ ನೋಡಿ," ಎಂದರು.

ಬಿಸಿನೀರಲ್ಲಿ ಮೈಲುತುತ್ತ ಕರಗಿಸಿ ಎರಡು ಲೋಟಕ್ಕೆ ಹೊಯ್ದರು. ಒಂದನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟರು. ಇನ್ನೊಂದನ್ನು ಭತ್ತದ ಉಮಿ ತುಂಬಿದ ಬುಟ್ಟಿಯಲ್ಲಿ ಹುಗಿದು, ಎರಡು ದಿನ ಯಾರೂ ಮುಟ್ಟಕೂಡದು ಎಂದರು.

ಅದೇ ಮಧ್ಯಾಹ್ನ ಜಗಲಿಯಲ್ಲಿ ಹೆಡ್‌ಮಾಸ್ತರು ಅವರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ನಾಳೆ ಹನ್ನೊಂದಕ್ಕೆ ಸಾಹೇಬ್ರು ತಪಾಸಣೆಗೆ ಬರ್ತಾರೆ. ಅಷ್ಟರಲ್ಲಿ ಆ ಹರಳು ಆಗ್ದಿದ್ರೆ ನಿಮ್ ಕೆಲ್ಸ ಹೋಯ್ತು ಅಂತ ತಿಳ್ಕೊಳ್ರಿ."

ನಮ್ಮ ಮನೆಯಲ್ಲಿ ಕೂಸು ಅತ್ತರೆ ಬಿಸಿ ಗಂಜಿಯ ಬಟ್ಟಲನ್ನು ತಣ್ಣೀರಲ್ಲಿಟ್ಟು ಆರಿಸುತ್ತಿದ್ದರು. ಬೇಗ ಆರಿದರೆ ಹರಳೂ ಬೇಗ ಆದೀತೆಂದು ನಾನೂ ಅದೇ ಬುದ್ಧಿ ಓಡಿಸಿದೆ. ಯಾರೂ ಇಲ್ಲದಾಗ ಉಮಿಯಿಂದ ಲೋಟ ತೆಗೆದು ಬೋಗುಣಿಯ ನೀರಲ್ಲಿಟ್ಟು, ತಣ್ಣಗಾದ ಮೇಲೆ ವಾಪಸ್ ಹುಗಿದೆ. ಅಕ್ಕೋರನ್ನು ಉಳಿಸಿದೆ ಎಂದು ಹಿಗ್ಗಿ ಹೀರೆಕಾಯಿಯಾಗಿದ್ದೆ, ಮಂಕುದಿಣ್ಣೆ ನಾನು!

ಮರುದಿನ ಸಾಹೇಬರ ಎದುರು ತೆಗೆದರೆ ಎರಡು ಲೋಟದಲ್ಲೂ ಸಕ್ಕರೆಯಂಥ ಪುಡಿ. "ಎರಡೂ ಒಂದೇ ಆಯ್ತಲ್ಲಮ್ಮ," ಎಂದು ಅವರು ನಕ್ಕರು. ಅಕ್ಕೋರು ಲೋಟ ನೋಡಿದರು, ಆಮೇಲೆ ನನ್ನ ಲಂಗದ ಅಂಚಿಗೆ ಅಂಟಿದ್ದ ಉಮಿ ನೋಡಿದರು. ನಾನು ಲಂಗ ಕೊಡವಿಕೊಂಡೆ.

"ಇದೂ ಬೇಗ ಆರಿದೆ ಸರ್, ಅಷ್ಟೇ. ಮತ್ತೆ ಇಡ್ತೀನಿ, ನಾಡಿದ್ದು ಬನ್ನಿ."

"ಈ ಪಿರಿಯಡ್ಡಲ್ಲೇ ತೋರಿಸ್ರಿ."

"ಕಲ್ಲು ಪಿರಿಯಡ್ ನೋಡ್ಕೊಂಡು ಬೆಳೆಯಲ್ಲ ಸರ್!"

ಆ ಧೈರ್ಯ ಇವತ್ತಿಗೂ ನನ್ನ ಮೈ ನವಿರೇಳಿಸುತ್ತದೆ. ಕೆಲಸ ಹೋಯಿತು. ಆದರೂ ಮತ್ತೆ ಲೋಟ ಹುಗಿದು, ಮೂರನೇ ದಿನ ತಾವೇ ಬಂದು ತೆಗೆದರು. ತಳದಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ, ಅಂಚು ಕತ್ತರಿಸಿದಂಥ ಹರಳು! ಅದನ್ನು ನನ್ನ ಅಂಗೈಗೆ ಹಾಕಿ, "ಇನ್ಮೇಲೆ ಯಾರೇ ಅವಸರ ಮಾಡಿದ್ರೂ ನೀರಿಗಿಡ್ಬೇಡ," ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ನನ್ನ ಹೆಸರು ಯಾರ ಮುಂದೆಯೂ ಎತ್ತಿರಲಿಲ್ಲ. ಸಾಹೇಬರು ಬರಲೇ ಇಲ್ಲ.

ಈಗ ನಾನು ಸೊರಬದ ಹತ್ತಿರ ಟೀಚರು. ಹೋದ ವರ್ಷ ಕೊನೆಗೂ ಮನಸ್ಸು ಗಟ್ಟಿ ಮಾಡಿ ಶಿಕಾರಿಪುರಕ್ಕೆ ಹೋದೆ. ತಡವಾಗಿತ್ತು, ಗೋಡೆಯ ಮೇಲೆ ಅವರ ಫೋಟೊಗೆ ಹಾರ ಹಾಕಿತ್ತು... ಬಾಟಲಿಯಲ್ಲಿ ಜೋಪಾನ ಮಾಡಿದ್ದ, ಅವರು ಕೊಟ್ಟ ಹರಳೂ ಅಂಚಿನಲ್ಲಿ ಬಿಳಿಚಿಕೊಂಡಿದೆ.

ನಾಳೆ ನಮ್ಮಲ್ಲೂ ತಪಾಸಣೆ. ವಿಡಿಯೊ ಹಾಕಿದರೆ ಮೂರು ನಿಮಿಷದಲ್ಲಿ ಮುಗಿಯುತ್ತೆ ಎಂದರು ನಮ್ಮ ಹೆಡ್‌ಮಾಸ್ತರು. ಆಗಲ್ಲ ಎಂದೆ. ಲೋಟವನ್ನು ಉಮಿಯಲ್ಲಿ ಹುಗಿದೇ ಬಂದಿದ್ದೇನೆ. ಸಾಹೇಬರು ಕೇಳಿದರೆ "ಇನ್ನೂ ಆರಿಲ್ಲ ಸರ್, ನಾಡಿದ್ದು ಬನ್ನಿ," ಎನ್ನುತ್ತೇನೆ. ಅವತ್ತು ಲೋಟವನ್ನು ನೀರಿಗಿಟ್ಟವಳು ನಾನೇ ಎಂದೂ ಮಕ್ಕಳ ಎದುರು ಹೇಳುತ್ತೇನೆ. ಕೇಳಬೇಕಾಗಿದ್ದವರು ಮಾತ್ರ ಅಲ್ಲಿ ಇರುವುದಿಲ್ಲ.