ಅವ್ವನ ಹೊಟ್ಟಿನ ಒಲೆ

ನಿನ್ನೆ ಸಿರುಗುಪ್ಪದ ರೈಸ್‌ಮಿಲ್ಲಿನ ಮುಂದೆ ಸುಟ್ಟ ಹೊಟ್ಟಿನ ವಾಸನೆ ಬಂದದ್ದೇ ತಡ, ನಾನು ಅವ್ವನ ಅಡುಗೆಮನೆಯಲ್ಲಿದ್ದೆ.

ನಾನು ಚಿಕ್ಕವಳಿದ್ದಾಗ ಕಾಲುವೆಗೆ ಹೊಸದಾಗಿ ನೀರು ಬಂದು, ಊರಲ್ಲಿ ಭತ್ತದ ಬೆಳೆ ಶುರುವಾಗಿತ್ತು. ಮಿಲ್ಲಿನವರು ಹೊರಗೆ ಸುರಿದ ಭತ್ತದ ಹೊಟ್ಟನ್ನು ಅವ್ವ ಚೀಲದಲ್ಲಿ ತರುತ್ತಿದ್ದಳು. ಅಡಿಯಲ್ಲಿ ತೂತಿದ್ದ ತಗಡಿನ ಡಬ್ಬಿಯ ನಡುವೆ ಸೀಸೆ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಸೀಸೆಯನ್ನು ಮೆಲ್ಲಗೆ ತಿರುಗಿಸಿ ಎಳೆದರೆ ನಡುವೆ ಬೆಂಕಿ ಹಚ್ಚಲು ಕೊಳವೆಯಂಥ ತೂತು ಉಳಿದು ಒಲೆ ಸಿದ್ಧ. ಒಮ್ಮೆ ಹಸಿವಿನ ಅವಸರದಲ್ಲಿ ನಾನೇ ಎಳೆದೆ. ಹೊಟ್ಟೆಲ್ಲ ಕುಸಿಯಿತು.

"ನೀನೇ ತುಂಬು. ಒಲಿ ಆದಮ್ಯಾಲೇ ಅನ್ನ," ಎಂದ ಅವ್ವ, ಪಕ್ಕದಲ್ಲೇ ಕೂತು ನನ್ನ ಕೈ ಹಿಡಿದು ತುಂಬಿಸಿದಳು. ಮರುದಿನ ಒಲೆಯಲ್ಲಿ ಉಳಿದ ಹೊಟ್ಟಿನ ಬೂದಿಯಿಂದ ಪಾತ್ರೆ ತಿಕ್ಕಿದಳು, ನನ್ನ ಹಲ್ಲನ್ನೂ ಉಜ್ಜಿಸಿದಳು.

ಇದನ್ನು ಹೇಳಿದಾಗ ಮೊಮ್ಮಗಳು, "ಅಜ್ಜಿ, ಈಗ ಹೊರದೇಶದಾಗ ಹೊಟ್ಟಿನಿಂದ ಕರೆಂಟ್ ಮಾಡ್ತಾರ," ಎಂದಳು.

"ಮಾಡ್ಲಿ. ಬೂದಿ ಏನ್ ಮಾಡ್ತಾರ, ಕೇಳವಾ," ಎಂದೆ.