ಕೊಂಡಿಯಿಲ್ಲದ ಚೇಳು

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನೊಳಗೆ ಸೈಕಲ್ ಗ್ರೀಸು ಸೇರಿ ಕರಿ ಗೆರೆಯಾಗಿ ನಿಂತುಬಿಟ್ಟಿತ್ತು. ಎಷ್ಟು ಸಾಬೂನು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಾದಾಮಿಯಲ್ಲಿ ನಮ್ಮ ಓಣಿಯ ತುದಿಗೆ ಅವರ ಸೈಕಲ್ ರಿಪೇರಿ ಅಂಗಡಿ; ಓಣಿಗೆಲ್ಲ ಅವರು ಕಾಕಾ. ಚೇಳು ಕಡಿದವರು ಅಳುತ್ತ ಅಲ್ಲಿಗೇ ಬರುತ್ತಿದ್ದರು. ಕಾಕಾ ಮಂತ್ರ ಹೇಳುತ್ತ, ಅದೇ ಹೆಬ್ಬೆರಳನ್ನು ಭುಜದಿಂದ ಬೆರಳ ತುದಿಯವರೆಗೆ ಒತ್ತುತ್ತ ನೋವು ಇಳಿಸುತ್ತಿದ್ದರು. ದುಡ್ಡು ಬೇಡ, ಕಡಿಸಿಕೊಂಡವರ ಮನೆಯ ಚಹಾನೂ ಬೇಡ. "ವಿಷ ಕೆಳಗ ಇಳೀಬೇಕು, ಮನಶ್ಯಾ ಮ್ಯಾಲ ಏಳಬೇಕು. ಅಷ್ಟ ನೋಡು," ಅನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಒಂದು ರಜೆಯಲ್ಲಿ ಗೆಳೆಯನ ಜೊತೆ ಮಹಾಕೂಟದ ದಾರಿಯ ಗುಡ್ಡದಲ್ಲಿ ಬಾವಲಿಗಳ ಗವಿಯೊಂದನ್ನು ಹೊಕ್ಕೆ. ಹೊರಗೆ ಬಂದು ನೋಡಿದರೆ ಮಣಿಕಟ್ಟಿನ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಹುಳ. ಮುಂದೆ ಎರಡು ಉದ್ದನೆಯ ಇಕ್ಕಳ. "ಚೇಳು!" ಎಂದು ಚೀರಿದೆ. ತೋಳೆಲ್ಲ ಉರಿ. ಗೆಳೆಯ ಹುಳವನ್ನು ಕಡ್ಡಿಪೆಟ್ಟಿಗೆಗೆ ಹಾಕಿಕೊಂಡು ನನ್ನನ್ನು ಕಾಕಾರ ಮುಂದೆ ತಂದು ಕೆಡವಿದ. ನನ್ನ ಬೊಬ್ಬೆಗೆ ಇಡೀ ಓಣಿ ನೆರೆದಿತ್ತು. ಹೆಬ್ಬೆರಳು ಎರಡು ಮೂರು ಸಲ ಇಳಿಯುವಷ್ಟರಲ್ಲಿ ಉರಿ ನಿಂತಿತು.

ರಜೆ ಮುಗಿದ ಮೇಲೆ ಕಡ್ಡಿಪೆಟ್ಟಿಗೆಯನ್ನು ಕಾಲೇಜಿಗೆ ಒಯ್ದೆ. ಪ್ರಾಣಿಶಾಸ್ತ್ರದ ಮಾಸ್ತರರು ಆ ಹುಳವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನಕ್ಕರು. "ಇದು ಹುಸಿಚೇಳಪಾ. ಗವಿಯೊಳಗ ಸಣ್ಣ ಹುಳ ತಿಂದು ಬದುಕತೈತಿ. ಬಾಲ ಇಲ್ಲ, ಕೊಂಡಿ ಇಲ್ಲ. ನಿನಗೇನ್ ಕಡೀತೈತಿ?" ಕ್ಲಾಸೆಲ್ಲ ನಕ್ಕಿತು.

ಆ ಅವಮಾನವನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು ನನಗೆ. ಊರಿಗೆ ಬಂದವನೇ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಕಡ್ಡಿಪೆಟ್ಟಿಗೆ ತೆರೆದೆ. "ಕಾಕಾ, ಇದು ಕಡಿಯೋ ಹುಳಾನ ಅಲ್ಲಂತ್ರಿ. ಇಲ್ಲದ ವಿಷ ಇಳಿಸೀರಲ್ಲ, ಭಾರಿ ಐತ್ರಿ ನಿಮ್ಮ ಮಂತ್ರ!"

ಗಿರಾಕಿಗಳು ನಕ್ಕರು. ಕಾಕಾ ಹುಳವನ್ನು ಬೆಳಕಿಗೆ ಹಿಡಿದು ನೋಡಿದರು. "ಖರೆ. ಬಾಲ ಇಲ್ಲ." ಆಮೇಲೆ ಮೆಲ್ಲಗೆ ಕೇಳಿದರು: "ನೀ ಅತ್ತಿದ್ದು ಖರೆ ಇತ್ತಿಲ್ಲೋ, ತಮ್ಮಾ?"

"ಖರೇನ ಇತ್ರಿ."

"ಹಂಗಾರ ನಾ ಇಳಿಸಿದ್ದೇನು?"

ಅವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದಾರೆ ಎಂದು ತಿಳಿಯುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಗೆದ್ದವನಂತೆ ಮನೆಗೆ ಹೋದೆ.

ಅಂದಿನಿಂದ ಕಾಕಾ ಮಂತ್ರ ಹಾಕಲಿಲ್ಲ. ಚೇಳು ಕಡಿದು ಬಂದವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿ, ದೂಡಿಕೊಂಡು ದವಾಖಾನೆಗೆ ಒಯ್ಯುತ್ತಿದ್ದರು. "ಒಮ್ಮೆ ಕೈ ಇಡೋ ಯಪ್ಪಾ" ಎಂದು ಒಬ್ಬ ಮುದುಕಿ ಕಾಲು ಹಿಡಿದಳಂತೆ. "ನನ್ನ ಕೈಯಾಗ ಏನೂ ಇಲ್ಲವ್ವಾ," ಅಂದರಂತೆ. ಕೇಳಿ ನಾಚಿಕೆಯಿಂದ ಹಿಡಿಯಷ್ಟಾದೆ. ಆದರೂ ಹೋಗಿ ತಪ್ಪಾಯಿತು ಎನ್ನಲಿಲ್ಲ. ಥೂ, ಎಂಥ ಓದು ನನ್ನದು!

ಕೆಲವು ವರ್ಷಗಳ ಮೇಲೆ, ನಾನು ಹುನಗುಂದದಲ್ಲಿ ನೌಕರಿಯಲ್ಲಿದ್ದಾಗ, ಅವರು ಹಾಸಿಗೆ ಹಿಡಿದರೆಂದು ಕೇಳಿ ಬಂದೆ. ಚೇಳಿನ ಮಂತ್ರವನ್ನು ಗ್ರಹಣದ ದಿನ ಒಬ್ಬರಿಗೆ ಕೊಟ್ಟು ಹೋಗುವುದು ರೂಢಿ. "ಯಾರಿಗೆ ಕೊಟ್ರಿ, ಕಾಕಾ?" ಎಂದೆ.

"ಯಾರಿಗೂ ಇಲ್ಲಪಾ. ನಿನಗ ಕೊಡಬೇಕಂತ ಮಾಡಿದ್ದೆ. ನೀ ಭಾಳ ಅಳಬುರುಕ ಇದ್ದಿ. ಅಳೋರಿಗೆ ಮಂದಿ ನೋವು ಲಗೂ ತಿಳೀತೈತಿ."

ಆ ಹೆಬ್ಬೆರಳು ನನ್ನ ಭುಜಕ್ಕೆ ಬಂತು. ಬೆರಳ ತುದಿಯವರೆಗೆ ನಿಧಾನವಾಗಿ ಇಳಿಯಿತು. ಅವರ ತುಟಿ ಅಲುಗಲಿಲ್ಲ.

ಆ ವಾರವೇ ತೀರಿಕೊಂಡರು. ನನ್ನ ನಾಚಿಕೆ ಇನ್ನೂ ಇಳಿದಿಲ್ಲ.